ಹಿತ್ತಲಿಗೆ ಎಳೆದ ವೈರು

ಒಂದು ಊರಿತ್ತಂತೆ. ಆ ಊರಿನ ಒಂದು ಹಿತ್ತಲಿಗೆ ದಿನಾ ಯಾರೋ ಬಂದು ನೀರು ಕುಡಿದು ಹೋಗುತ್ತಿದ್ದರಂತೆ. ಅವರ ಮುಖ ಮಾತ್ರ ಯಾರೂ ಕಂಡಿರಲಿಲ್ಲವಂತೆ. ಅಜ್ಜಿ ಶಿವಗಂಗವ್ವ ಹೀಗೆ ಶುರುಮಾಡಿದಾಗಲೆಲ್ಲ ಪ್ರೀತಿ ಅದನ್ನು ಕಥೆಯೆಂದೇ ತಿಳಿದಿದ್ದಳು. ಅಜ್ಜಿ ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ, ರನ್ನ ಬೆಳಗಲಿಯ ತಮ್ಮದೇ ಹಿತ್ತಲಿನ ಲಿಂಬಿಗಿಡದ ಕೆಳಗೆ ಸ್ಟೀಲಿನ ಬೋಗುಣಿ ತುಂಬಿಡುವ ಕೆಲಸ ಅವಳ ಪಾಲಿಗೆ ಬಂತು. ನಸುಕಿನಲ್ಲಿ ಹೋದರೆ ಬೋಗುಣಿ ಬರಿದು, ಸುತ್ತಲಿನ ಹಸಿಮಣ್ಣಿನಲ್ಲಿ ಸಣ್ಣ ಹೆಜ್ಜೆಗಳು.

"ಇಷ್ಟ ವರ್ಸ ನೀರ ಇಟ್ಟೇನಿ, ಒಮ್ಮಿನೂ ಮಾರಿ ನೋಡಿಲ್ಲ," ಎಂದಳು ಅಜ್ಜಿ.

"ತಡಿ ಬೇ. ನಾ ತೋರಸ್ತೇನಿ."

ಅಂಗೈಯಗಲದ ಕ್ಯಾಮರಾ ತರಿಸಿ ಲಿಂಬಿಗಿಡದ ಬುಡದಲ್ಲಿಟ್ಟಳು. ಅದರ ಬ್ಯಾಟರಿ ಎರಡು ದಿನಕ್ಕೆ ಮುಗಿಯಿತು. ಪಡಸಾಲೆಯ ಚಾರ್ಜರಿನಿಂದ ಎಂಬತ್ತು ಅಡಿ ತೆಳ್ಳನೆಯ ವೈರನ್ನು ಬೇಲಿಗುಂಟ ಎಳೆದಳು. ಕ್ಯಾಮರಾ ಒಮ್ಮೆ ಕಣ್ಣು ತೆರೆದು ಮುಚ್ಚಿತು. ಕರೆಂಟಿನ ಕೆಲಸದ ವೀರೇಶ ನಕ್ಕುಬಿಟ್ಟ.

"ಕಾಲುವಿ ತುದಿ ಹೊಲದವ್ರನ್ನ ಕೇಳ ತಂಗಿ, ನೀರ ಎಷ್ಟ ಮುಟ್ಟತೈತಂತ. ಐದು ವೋಲ್ಟ್ ಬಿಟ್ರ ದಾರ್ಯಾಗನ ಸೊರಗತಾವ. ಇಲ್ಲಿಂದ ಹನ್ನೆರಡು ಬಿಡು, ಅಲ್ಲಿ ಐದಕ್ಕ ಇಳಿಸ್ಕೊ." ಹಳೆಯ ಅಡಾಪ್ಟರೊಂದನ್ನೂ ವೋಲ್ಟ್ ಇಳಿಸುವ, ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿಯೊಂದನ್ನೂ ಕೊಟ್ಟ. ಆ ಸಂಜೆ ಲಿಂಬಿಗಿಡದ ಬುಡದಲ್ಲಿ ಕ್ಯಾಮರಾದ ಹಸಿರು ಚುಕ್ಕೆ ಆರದೆ ನಿಂತಿತು.

ಆದರೆ ಕಬ್ಬಿನ ಸೀಮೆಯಲ್ಲಿ ಬೇಲಿಗುಂಟ ವೈರು ಹೋಯಿತೆಂದರೆ ಅದು ಕರೆಂಟು ಹರಿಸಿ ಕಾಡುಹಂದಿ ಕೊಲ್ಲುವುದಕ್ಕೇ ಎಂದು ಎಲ್ಲರೂ ತಿಳಿಯುತ್ತಾರೆ. ಅದೇ ಮನೆಯಲ್ಲಿದ್ದ ಕಾಕಾ ಸೋಮಲಿಂಗನ ಮೂರು ಕೋಳಿಗಳು ಆ ವಾರ ಕಾಣೆಯಾಗಿದ್ದವು. ಅವನು ವೈರನ್ನು ಪಡಸಾಲೆಯಿಂದ ಲಿಂಬಿಗಿಡದವರೆಗೂ ಕಣ್ಣಿನಲ್ಲೇ ಅಳೆದ.

ಮರುದಿನ ನಸುಕಿನಲ್ಲಿ ಪ್ರೀತಿಗಿಂತ ಮುಂದೆ ಓಡಿದ್ದು ಚಿಗರಿ, ಮನೆಯ ಮುಧೋಳ ನಾಯಿ. ಬೋಗುಣಿಗೆ ನಾಲಿಗೆ ಇಟ್ಟಿತು. ಕೂಗಲೂ ಇಲ್ಲ. ಕಾಲುಗಳು ಸೆಟೆದು, ಮೈ ಬಿಲ್ಲಿನಂತೆ ಬಾಗಿ, ಹಲ್ಲು ಸ್ಟೀಲಿಗೆ ಕಟಕಟ ಬಡಿದವು. ಸುಟ್ಟ ಕೂದಲಿನ ವಾಸನೆ ಎದ್ದಿತು. ಹತ್ತಿರ ಧಾವಿಸಿದವಳಿಗೆ ಬೋಗುಣಿಯ ಕಂಠಕ್ಕೆ ಸುತ್ತಿದ್ದ ಬೆತ್ತಲೆ ತಂತಿ ಕಂಡಿತು. ಕ್ಯಾಮರಾ ಬೇಲಿಯಲ್ಲಿ ಬಿದ್ದಿತ್ತು.

ಅವಳು ಪಡಸಾಲೆಗೆ ಓಡಿದಳು. ಅಡಾಪ್ಟರನ್ನು ಕತ್ತರಿಸಿ ತೆಗೆದು, ವೈರಿನ ತುದಿಗಳನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ತುರುಕಿದ್ದರು. ಸ್ವಿಚ್ ಆರಿಸಿದಳು.

"ಅದನ್ನ ಮುಟ್ಟಬ್ಯಾಡ," ಎಂದ ಸೋಮಲಿಂಗ, ಚಹಾದ ಲೋಟ ಹಿಡಿದು. "ಕೋಳಿ ತಿನ್ನೂದು ಇನ್ನೂ ಬಂದಿಲ್ಲ."

"ಚಿಗರಿ ಸತ್ತೈತಿ, ಕಾಕಾ."

ಲೋಟ ಕ್ಷಣ ನಿಂತಿತು. "ನಾಯಿ ಬಿಡು ಅಂತ ನಾ ಹೇಳಿದ್ನೇನು? ಸರಿ ಅತ್ತಾಗ."

ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. ಅವನ ಏಟಿಗೆ ತುಟಿ ಹಲ್ಲಿಗೆ ಸಿಕ್ಕು ಒಡೆಯಿತು. ಎರಡನೆಯದಕ್ಕೆ ಕಿವಿ ಗುಂಯ್ ಎಂದಿತು. ಮೂರನೆಯದಕ್ಕೆ ಅವನು ಕೈ ಎತ್ತಿದಾಗ ಅವಳ ಕೈಗೆ ಮೂಲೆಯ ಸಲಿಕೆ ಬಂದಿತ್ತು. ಅದರ ಹಿಡಿಯನ್ನು ಬೀಸಿ ಬಡಿದಳು. ಅವನ ಮಣಿಕಟ್ಟಿನಲ್ಲಿ ಎಲುಬು ಲಟ್ಟೆಂದಿತು, ಲೋಟ ಉರುಳಿತು. ಅವನು ಮೊಣಕಾಲೂರಿದ. ಅವಳು ಮತ್ತೆ ಎತ್ತಿದಳು, ಈ ಸಲ ತಲೆಗೆ.

"ಪ್ರೀತಿ, ಕೈ ಇಳಸು," ಒಳಗಿನಿಂದ ಅಜ್ಜಿಯ ದನಿ. "ಸೋಮ್ಯಾ, ದಿನಾ ಹೊತ್ತ ಮೂಡೂಕಿಂತ ಮದಲ ಆ ಬೋಗುಣಿ ಮುಟ್ಟಾಕಿ ಯಾರು? ನಾಯಿ ಮುಂದ ಓಡಿತಂತ ಈಕಿ ಉಳದಾಳ."

ಸೋಮಲಿಂಗ ಪ್ರೀತಿಯ ಮುಖವನ್ನು ಆಗಷ್ಟೇ ಕಂಡವನಂತೆ ನೋಡಿದ. ಕುಡಿದ ಚಹಾವನ್ನೆಲ್ಲ ಹೊಸ್ತಿಲ ಮೇಲೆ ಕಾರಿಕೊಂಡ.

ಮಹಾಲಿಂಗಪುರದಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಸಂಜೆ ಮರಳಿದವನು ಮೇನ್ ಬೋರ್ಡಿನ ಫ್ಯೂಸ್ ಕಿತ್ತು ಅವಳ ಅಂಗೈಯಲ್ಲಿಟ್ಟ. ಅವಳು ಅಡಾಪ್ಟರಿಗೆ ವೈರು ಹೊಸೆದು ಟೇಪು ಸುತ್ತುವಾಗ ಎಡಗೈಯಿಂದ ತುದಿಗಳನ್ನು ಹಿಡಿದ. ಅವಳ ಉಗುರಿನಲ್ಲಿ ಚಿಗರಿಯನ್ನು ಹುಗಿದ ಮಣ್ಣಿತ್ತು.

ನಾಲ್ಕನೆಯ ಮುಂಜಾನೆ ಪ್ರೀತಿ ಮೊಬೈಲನ್ನು ಅಜ್ಜಿಯ ಮುಖದ ಮುಂದೆ ಹಿಡಿದಳು. ಕ್ಯಾಮರಾ ಹಿಡಿದ ರಾತ್ರಿಯ ಚಿತ್ರದಲ್ಲಿ ಪುನುಗು ಬೆಕ್ಕೊಂದು ನೀರಿಗೆ ಬಾಗಿತ್ತು. ಹೊಟ್ಟೆಯ ಕೆಳಗೆ ಮೊಲೆಗಳು ಜೋತಿದ್ದವು.

"ಬಾಣಂತಿ ಅದಾಳ," ಎಂದಳು ಅಜ್ಜಿ ಮೆಲ್ಲಗೆ. ಬಾಗಿಲಲ್ಲಿದ್ದ ಸೋಮಲಿಂಗ ಒಂದು ಹೆಜ್ಜೆ ಒಳಗಿಟ್ಟ.

ಅಜ್ಜಿ ಬೆಕ್ಕಿನ ಒದ್ದೆ ಗದ್ದ ಒರೆಸುವವಳಂತೆ ಪರದೆಯ ಮೇಲೆ ಎರಡು ಬೆರಳು ಊರಿ ಸವರಿದಳು. ಬೆರಳಡಿಯಲ್ಲಿ ಚಿತ್ರ ಹಿಗ್ಗುತ್ತ ಹಿಗ್ಗುತ್ತ ಕೊನೆಗೆ ಮೀಸೆಯ ತುದಿಯ ಒಂದು ಹನಿಯಷ್ಟೇ ಉಳಿಯಿತು.