ಹೊರಗಿನವರ ಕೋಡಿಗೆ ತಲೆ ಬಾಚಿದ ಪ್ರಸಂಗ

ಮೊದಲ ವಾಕ್ಯದ ಜಾಗಕ್ಕೆ ಮೂರು ವಾಕ್ಯಗಳು ಕಿತ್ತಾಡುತ್ತಿವೆ. ಓದುಗ ಮಹಾಶಯರೇ, ಮೂರನ್ನೂ ಆಚೆ ತಳ್ಳಿ ನನ್ನಿಂದಲೇ ಶುರು ಮಾಡುತ್ತೇನೆ. ನನಗಿಂತ ಒಳ್ಳೆಯ ಆರಂಭ ಈ ಭಾಷೆಯಲ್ಲಿ ಇನ್ನೂ ಹುಟ್ಟಿಲ್ಲ.

೧. ಕಿವಿ ಕೇಳಿಸದವರಿಗೆ ಯಂತ್ರ ಮಾಡುವ ಕಂಪನಿಯಲ್ಲಿ ನಾನು ಪ್ರೋಗ್ರಾಮರ್. ಅದರೊಳಗೆ ಸದ್ದು ಸೋಸುವ ಕೋಡ್ ಹೊರಗಿನವರು ಬರೆದು ಹಂಚಿದ್ದು. ಅದನ್ನು ತಂದು ನಮ್ಮದರೊಳಗೆ ಸೇರಿಸಿದವನು ನಾನು. ತಂದ ದಿನವೇ ಸಾಲುಗಳನ್ನು ಒಪ್ಪವಾಗಿ ಜೋಡಿಸುವ ಫಾರ್ಮ್ಯಾಟರ್ ಓಡಿಸಿ, ಪ್ರತಿ ಸಾಲಿಗೂ ತಲೆ ಬಾಚಿ ಬೈತಲೆ ತೆಗೆದೆ. ಅರ್ಥ ಅದೇ, ರೂಪ ಬೇರೆ. ಮಾರನೆಯ ದಿನ ಏಳು ಸಾಲು ಸ್ವಂತದ್ದು ಬರೆದೆ: ಯಂತ್ರ ಕಿವಿಯೊಳಗೆ ಕಿರುಚಿದರೆ ಅದರ ಬಾಯಿ ಮುಚ್ಚಿಸುವ ಸಾಲುಗಳು. (ಜಗತ್ತು ಅವನ್ನಿನ್ನೂ ಗುರುತಿಸಿಲ್ಲ. ಜಗತ್ತಿನ ಕರ್ಮ.) ಆ ಯಂತ್ರವನ್ನು ಪರೀಕ್ಷೆಗೆಂದು ಹಾಕಿಕೊಂಡಿರುವವರು ನನ್ನ ಮಾವ, ಹೆಂಡತಿಯ ಅಪ್ಪ.

೨. ಬ್ಯಾಟರಿ ಇಳಿದರೆ ಸದ್ದೇ ನಿಂತುಬಿಡುವ ದೋಷವೊಂದು ಹೊರಗಿನವರ ಕೋಡಿನಲ್ಲಿತ್ತು. ಮಾವ ಒಬ್ಬರೇ ಊರೆಲ್ಲ ಸುತ್ತುವವರು. ನಡುರಸ್ತೆಯಲ್ಲಿ ಕಿವಿ ಕೈಕೊಟ್ಟರೆ? ಹೊರಗಿನವರು ದೋಷ ತಿದ್ದಿ, ಸದ್ದು ನಿಲ್ಲದೆ ಸಣ್ಣಗಾಗುವಂತೆ ಮಾಡಿ ಹೊಸ ಆವೃತ್ತಿ ಕಳಿಸಿದರು. ಅದೂ ಬೇಕು, ನನ್ನ ಏಳು ಸಾಲೂ ಉಳಿಯಬೇಕು. ಎರಡನ್ನೂ ಬೆಸೆಯಲು ಮರ್ಜ್ ಒತ್ತಿದೆ. ಯಾರ ಸಾಲು ಇಡಲಿ ಎಂದು ಕಂಪ್ಯೂಟರ್ ಕೈಚೆಲ್ಲಿತು: ಹತ್ತು ಲಕ್ಷ ಕಡೆ ಕಾನ್‌ಫ್ಲಿಕ್ಟ್!

"ಆರುನೂರ ಹನ್ನೆರಡು," ಎಂದರು ನಮ್ಮ ಟೀಮಿನ ಮೇಡಂ, ಹೆಗಲ ಹಿಂದಿನಿಂದ ಈ ಕಥೆಯನ್ನೇ ಓದುತ್ತ.

"ಕಥೆ ಮೇಡಂ, ಸ್ವಲ್ಪ ಉಬ್ಬಬೇಕು."

"ನೀವು ಉಬ್ಬಿರೋದೇ ಸಾಕು. ಊರವರ ಕೋಡಿಗೆ ಪೌಡರ್ ಬಳೀರಿ ಅಂದೋರ್ಯಾರು?"

೩. (ಹರಿದು ಹಾಕಿದ ಭಾಗ. ಇದರಲ್ಲಿ ಆರುನೂರನ್ನೂ ಒಂದೇ ಉಸಿರಿಗೆ ಕೈಯಾರೆ ಬಿಡಿಸಿದ್ದೆ. ನಿಜವೇನೆಂದರೆ, ನಲವತ್ತನೆಯದಕ್ಕೇ ನನ್ನ ಏಳರಲ್ಲಿ ಎರಡು ಸಾಲನ್ನು ನಾನೇ ಕೈತಪ್ಪಿ ಅಳಿಸಿದ್ದೆ.)

೪. "ಈ ಮರ್ಜ್ ಎಲ್ಲಾ ವಾಪಸ್ ತಗೊಳ್ಳಿ," ಎಂದರು ಮೇಡಂ. "ತಲೆ ಬಾಚಿದ್ರಿ, ಇನ್ನೂ ಸ್ವಂತದ್ದು ಬರೆದಿರಲಿಲ್ಲ. ಆ ಹಂತದಿಂದ ಕವಲೊಡೆದು ಒಂದು ಬ್ರ್ಯಾಂಚ್ ತೆಗೀರಿ. ಅದು ಅವರಿಗೇ ಮೀಸಲು, ನಿಮ್ಮ ಒಂದಕ್ಷರ ಅಲ್ಲಿ ಕೂಡದು. ಅದರ ಮೇಲೆ ಹೊಸ ಆವೃತ್ತಿ ಹಾಕಿ, ಅದಕ್ಕೂ ಅದೇ ಬಾಚಣಿಗೆ ಆಡಿಸಿ. ಆಗ ಅವರು ನಿಜವಾಗಿ ಬದಲಾಯಿಸಿದ್ದಷ್ಟೇ ಕಾಣುತ್ತೆ. ಆಮೇಲೆ ನಮ್ಮದಕ್ಕೆ ಮರ್ಜ್."

ಮಾಡಿದೆ. ಕಣ್ಣು ಮುಚ್ಚಿಕೊಂಡು ಒತ್ತಿದೆ. ಕಾನ್‌ಫ್ಲಿಕ್ಟ್: ಒಂದು! ಬ್ಯಾಟರಿಯ ಹೊಸ ಸಾಲು ನನ್ನ ಐದನೆಯ ಸಾಲನ್ನು ತುಳಿದಿತ್ತು, ಅಷ್ಟೆ; ಎರಡಕ್ಕೂ ಜಾಗ ಮಾಡಿಕೊಟ್ಟೆ. ಉಳಿದ ಆರುನೂರ ಹನ್ನೊಂದು ಬರೀ ಬೈತಲೆಯ ಜಗಳ.

೫. ಅಂತ್ಯ, ಮೊದಲ ಬಗೆ: ಕಂಪನಿಯ ಬಾಗಿಲಲ್ಲಿ ನನ್ನ ಪ್ರತಿಮೆ. (ಮೇಡಂ ಅಳಿಸಿದರು.)

ಇನ್ನೊಂದು: ನಮ್ಮ ಅಡುಗೆಮನೆ, ಮಾವನ ಕಿವಿಯಲ್ಲಿ ಹೊಸ ಕೋಡ್ ತುಂಬಿದ ಯಂತ್ರ. ಬೇಕೆಂದೇ ಇಳಿದ ಬ್ಯಾಟರಿ ಹಾಕಿದ್ದೇನೆ. ಯಂತ್ರ ಕಿರುಚಲಿಲ್ಲ.

"ಕೇಳಿಸ್ತಿದೆಯಾ ಮಾವ?"

"ಸಣ್ಣಗೆ ಕೇಳಿಸ್ತಿದೆ ಅಳಿಯಂದಿರೇ. ನಿಮ್ಮ ಮಾತಿಗೆ ಇದೇ ಸರಿಯಾದ ಅಳತೆ."

ಅಬ್ಬ! ನೂರು ವರ್ಷದಿಂದ ಹಿಡಿದಿದ್ದ ಉಸಿರು ಬಿಟ್ಟೆ. ಅಷ್ಟರಲ್ಲಿ ಮಾವ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಕಿಟಕಿಯಿಂದ ನೋಡುತ್ತೇನೆ: ಅವರ ಬೆನ್ನ ಹಿಂದೆ ಸೈಕಲ್ ಬೆಲ್. ಮಾವ ತಿರುಗಿಯೂ ನೋಡದೆ ಪಕ್ಕಕ್ಕೆ ಸರಿದರು.

ಪೂರ್ಣವಿರಾಮ ಹಾಕಿ ಎನ್ನುತ್ತಾರೆ ಮೇಡಂ. ಹೇಗೆ ಹಾಕಲಿ? ಮಾವ ಇನ್ನೂ ನಡೆಯುತ್ತಿದ್ದಾರೆ, ಈಗ ತಿರುವು ದಾಟಿದರು, ಈಗ