ಕುರಿ ತುಳಿದ ಮೈದಾನ

"ಯಾಂವ ಹೇಳಿದ್ದ ನಿನಗ ಇಲ್ಲಿ ಕುರಿ ಹೊಡಿ ಅಂತ? ಹೇಳಲೇ, ಯಾಂವ ಹೇಳಿದ್ದ?"

"ನೀನ! ನೀನ ಹೇಳಿದಿ! ಇದ ಬಾಯಿಲೆ ಹೇಳಿದಿ, ಇದ ಕೈಯಾಗ ಭಂಡಾರ ಹಿಡದು ಹೇಳಿದಿ. ಈಗ ಯಾಂವ ಅಂತ ನನ್ನ ಕೇಳ್ತಿ? ನಾಚಿಗಿ ಬರಂಗಿಲ್ಲಾ?"

"ದನಿ ತಗ್ಗಿಸು. ಆ ಶಾಮಿಯಾನದಾಗ ಹನ್ನೊಂದ ಮಂದಿ ಪೇಪರಿನವ್ರು ಕುಂತಾರ."

"ಕುಂದರಲಿ! ಅವರೂ ಕೇಳಲಿ!"

ಮುರಗೆಪ್ಪ ಕೈಯಲ್ಲಿದ್ದ ಪತ್ರಿಕೆಯನ್ನು ಮಲಕಾರಿಯ ಎದೆಗೆ ಒತ್ತಿ ಹಿಡಿದ. ಗಡಿಯಾಚೆಯಿಂದ ಬೆಳಗಿನ ಬಸ್ಸಿಗೆ ಬರುವ ಮರಾಠಿ ಪತ್ರಿಕೆ. ಮೊದಲ ಪುಟದಲ್ಲೇ ಫೋಟೋ. ಏಕಸಂಬಿಯ ಹೊಸ ಓಟದ ಮೈದಾನ, ಅದರ ತುಂಬ ಕುರಿ, ಕುರಿಗಳ ನಡುವೆ ದೊಡ್ಡ ರುಮಾಲು ಸುತ್ತಿಕೊಂಡು ಹಲ್ಲು ಕಾಣುವಂತೆ ನಗುತ್ತ ನಿಂತ ಮಲಕಾರಿ. ಕೆಳಗೆ ದಪ್ಪ ಅಕ್ಷರಗಳಿದ್ದವು. ಮಲಕಾರಿ ಕಲಿತದ್ದು ಕನ್ನಡ ನಾಲ್ಕನೇ ಇಯತ್ತೆ. ಮರಾಠಿ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಕೂಡಿಸಿ ಕೂಡಿಸಿ ಓದಿದ. 'ಆಂತರರಾಷ್ಟ್ರೀಯ ಮೈದಾನ ಕೀ ಮೇಂಢವಾಡಾ?' ಅಂತರರಾಷ್ಟ್ರೀಯ ಮೈದಾನವೋ, ಕುರಿದೊಡ್ಡಿಯೋ?

ಓದಿ ಮುಗಿಸಿದಾಗ ಅವನ ಕಿವಿ ಕೆಂಪಾಗಿದ್ದವು. ಯಾಕೆಂದರೆ ಆ ಫೋಟೋ ತೆಗೆದವನಿಗೆ ನಿನ್ನೆ ಬೆಳಿಗ್ಗೆ ಚಹಾ ಮಾಡಿ ಕೊಟ್ಟವನು ಇವನೇ. ಮೊದಲ ಜೀಪಿನಲ್ಲಿ ಒಬ್ಬನೇ ಬಂದಿದ್ದ ಹುಡುಗ, ಕೊರಳಲ್ಲಿ ಎರಡು ಕ್ಯಾಮೆರಾ. ಪೇಪರಿನವರು ಬಂದರೆಂದು ಮಲಕಾರಿಗೆ ಹಿಗ್ಗೋ ಹಿಗ್ಗು. ಹಿಂಡಿನ ಮುಂದೆ ನಡೆಯುವ ಟಗರಿನ ಹಣೆಗೆ ಭಂಡಾರ ಹಚ್ಚಿದ. ಜಾತ್ರೆಗೆಂದು ಇಟ್ಟ ರುಮಾಲು ಸುತ್ತಿಕೊಂಡ. ಆಗಲೇ ಮುಗಿದಿದ್ದ ಕೆಲಸವನ್ನು ಫೋಟೋಕ್ಕಾಗಿ ಮತ್ತೊಂದು ಸುತ್ತು ಮಾಡಿ ತೋರಿಸಿದ. ಹುಡುಗ, "ಛಾನ್, ಮಾಮಾ, ಛಾನ್!" ಎಂದು ಮೆಚ್ಚಿದ್ದ. ಮಾಮಾ ಅಂದವನು ಹೀಗೆ ಮಾಡಿದ.

ಆದರೆ ಆ ಹುಡುಗ ಹೊರಗಿನವನು. ಮುರಗೆಪ್ಪ ಹೊರಗಿನವನಲ್ಲ. ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ತಟ್ಟಿನ ಮೇಲೆ ಕೂತವರು. ಮಾಸ್ತರರು ಮುರಗೆಪ್ಪನಿಗೆ ಎತ್ತಿದ ಬೆತ್ತ ಎಷ್ಟೋ ಸಲ ಮಲಕಾರಿಯ ಬೆನ್ನಿಗೆ ಬಿದ್ದಿತ್ತು. ಆಮೇಲೆ ಮುರಗೆಪ್ಪನಿಗೆ ಹನ್ನೆರಡು ಎಕರೆ ದ್ರಾಕ್ಷಿ, ಸಫಾರಿ ಸೂಟು, ಬುಲೆಟ್ ಮೋಟರ್ ಸೈಕಲ್ಲು ಬಂದವು. ಮಲಕಾರಿಗೆ ಅಪ್ಪನ ಕುರಿ ಬಂದವು. ಆದರೂ ಸಿಕ್ಕಲ್ಲಿ ಲೇ ಅನ್ನುವುದು ತಪ್ಪಿರಲಿಲ್ಲ.

ಎಂಬತ್ತೆಂಟನೇ ಇಸವಿಯಲ್ಲಿ ಮುರಗೆಪ್ಪನ ಕ್ರೀಡಾ ಸಂಘ ಏಕಸಂಬಿಯಲ್ಲಿ ಅಂತರರಾಷ್ಟ್ರೀಯ ರಿಲೇ ಓಟ ಇಟ್ಟಿತು. 'ಐದು ದೇಶ' ಎಂದು ನಿಪ್ಪಾಣಿಯಿಂದ ಅಥಣಿಯವರೆಗೆ ಗೋಡೆಗೋಡೆಗೆ ಭಿತ್ತಿಪತ್ರ. ಶ್ರೀಲಂಕಾದಿಂದ ಒಂದು ತಂಡ, ನೇಪಾಳದಿಂದ ಒಂದು, ಪುಣೆಯ ಕಾಲೇಜುಗಳಲ್ಲಿ ಓದುವ ಕೀನ್ಯಾದ ಹುಡುಗಿಯರದೊಂದು, ನಮ್ಮದೊಂದು. ಐದನೆಯದು ಎಲ್ಲಿ ಎಂದು ಯಾರೋ ಕೇಳಿದರೆ, "ಕೊಲ್ಹಾಪುರದವ್ರೂ ಬರಾಕತ್ತಾರಲ್ಲ. ಮಹಾರಾಷ್ಟ್ರ ಹಿಡದ್ರ ಐದ ಆದ್ವು ನೋಡು" ಎಂದು ಮುರಗೆಪ್ಪನೇ ನಕ್ಕಿದ್ದ.

ನಗು ಓಟಕ್ಕೆ ಒಂದು ತಿಂಗಳಿರುವಾಗ ನಿಂತಿತು. ಎರೆಮಣ್ಣು ಅಗೆದು ಹಾಕಿ, ಗುಡ್ಡದ ಕೆಂಪು ಗರಸುಮಣ್ಣು ತಂದು ಸುರಿದಿದ್ದರು. ಅದನ್ನು ಒತ್ತುವ ರೋಲರು ರಾಯಬಾಗದ ಹತ್ತಿರ ಎಲ್ಲೋ ಕೆಟ್ಟು ನಿಂತಿತು. ಇನ್ನೊಂದು ಸಿಗಲಿಲ್ಲ. ಗರಸಿನ ಮೇಲೆ ನಡೆದರೆ ಹಿಮ್ಮಡಿ ಮುಳುಗುತ್ತಿತ್ತು. ಮುರಗೆಪ್ಪ ಬುಲೆಟ್ ಹೊಡೆದುಕೊಂಡು ಅಂಕಲಿಯ ಹೊಲದಲ್ಲಿದ್ದ ಮಲಕಾರಿಯ ಕುರಿಹಟ್ಟಿಗೆ ಬಂದ. ಬಂದವನು ಕಂಬಳಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು, "ಮಲಕಾರಿ, ನನ್ನ ಮರ್ಯಾದಿ ಹೋಗೂ ಹೊತ್ತ ಬಂದೈತಲೇ" ಎಂದು ಅತ್ತೇಬಿಟ್ಟ.

ಮಲಕಾರಿ ಮೈದಾನಕ್ಕೆ ಬಂದು ಗರಸನ್ನು ಚಿವುಟಿ ನೋಡಿದ. "ರೋಲರು ಮ್ಯಾಲಿಂದ ಒತ್ತತೈತಿ, ಒಳಗ ಪೊಳ್ಳ ಉಳಿತೈತಿ. ಕುರಿ ಹಂಗಲ್ಲ. ಅವುರ ಗೊರಸು ಸಣ್ಣದು, ತಳದಿಂದ ಕಟ್ಕೋತ ಬರ್ತಾವ. ನೀರ ಹೊಡಸು, ನಾ ಕುರಿ ತರ್ತೀನಿ" ಅಂದ. ತನ್ನ ಅಪ್ಪ ಕೆರೆಯ ಏರಿಯನ್ನು ಕುರಿಗಳಿಂದ ಹಾಗೆಯೇ ತುಳಿಸಿದ್ದನ್ನು ಅವನು ಕಂಡಿದ್ದ.

ಆ ದಿನ ಮುರಗೆಪ್ಪ, ಯಾರೂ ಕೇಳದೇ ಇದ್ದರೂ, ಮಲಕಾರಿಯ ಚೀಲದಿಂದ ದೇವರ ಅರಿಶಿಣ ಭಂಡಾರ ತೆಗೆದು ಅಂಗೈಯಲ್ಲಿ ಹಿಡಿದು ಎರಡು ಮಾತು ಕೊಟ್ಟ. ಪೇಪರಿನವರು ಬಂದ ದಿನ ಮಲಕಾರಿಯ ಕೈ ಹಿಡಿದು, 'ಈ ಮೈದಾನ ಕಟ್ಟಿದಾಂವ ಇಂವ' ಎಂದು ಎಲ್ಲರೆದುರು ಹೇಳುತ್ತೇನೆ, ಇದು ಒಂದು. ನಮ್ಮ ತಂಡದಲ್ಲಿ ಕಡೇ ಓಟ ನಿನ್ನ ಮಗಳು ತಾರವ್ವನದು, ಇದು ಎರಡು.

ಭಂಡಾರ ಹಿಡಿದು ಆಡಿದ ಮಾತಿಗೆ ಮಲಕಾರಿಯ ಮಂದಿ ಸಾಕ್ಷಿ ಕೇಳುವುದಿಲ್ಲ, ಕಾಗದ ಕೇಳುವುದಿಲ್ಲ. ಅವನೂ ಕೇಳಲಿಲ್ಲ.

ಜುಗೂಳದ ರೈತರು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಲು ಕಾದಿದ್ದರು. ಅವರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿ, ನಾನೂರು ಕುರಿ ತಂದು ಮೈದಾನಕ್ಕೆ ಬಿಟ್ಟ. ಕುರಿ ಸುಮ್ಮನೆ ಸುತ್ತು ಹಾಕುವುದಿಲ್ಲ, ಮುಂದೆ ಒಬ್ಬರು ಬೇಕು. ಹದಿನೆಂಟರ ತಾರವ್ವ ಟಗರಿನ ಗಂಟೆ ಬಿಚ್ಚಿ ಕೈಯಲ್ಲಿ ಹಿಡಿದು ಬಾರಿಸುತ್ತ ಮುಂದೆ ಓಡಿದಳು. ಗಂಟೆಯ ಹಿಂದೆ ಟಗರು, ಟಗರಿನ ಹಿಂದೆ ಹಿಂಡು, ಹಿಂಡಿನ ಹಿಂದೆ ಕೋಲು ಹಿಡಿದ ಮಲಕಾರಿ. ದಿನಕ್ಕೆ ಮೂವತ್ತು ಸುತ್ತು, ಇಪ್ಪತ್ತೆರಡು ದಿನ. ಕಡೆಯ ವಾರ ಆಕೆ ಎಷ್ಟು ಜೋರಾಗಿ ಓಡುತ್ತಿದ್ದಳೆಂದರೆ ಟಗರು ಹಿಂದೆ ಬಿದ್ದು ಅರಚುತ್ತಿತ್ತು. ವ್ಯಾಯಾಮದ ಮಾಸ್ತರ ದಶರಥ ಗಡಿಯಾರ ಹಿಡಿದು ನೋಡಿ, ಮತ್ತೊಮ್ಮೆ ಓಡಿಸಿ ನೋಡಿ, "ಈಕಿನ್ನ ಧಾರವಾಡದ ಕ್ರೀಡಾ ಹಾಸ್ಟೆಲಿನವ್ರು ಬಿಡಂಗಿಲ್ಲರಿ. ಓಟದ ದಿನ ಅವರೂ ಬರ್ತಾರ" ಅಂದ. ಆವತ್ತಿನಿಂದ ಮಲಕಾರಿಗೆ ಬೇರೆ ಯಾವುದೂ ತಲೆಯಲ್ಲಿ ಉಳಿಯಲಿಲ್ಲ. ಮಗಳು ನಾಲ್ಕನೆಯ ಗುರುತಿನಲ್ಲಿ ನಿಲ್ಲಬೇಕು, ಕಡೆಯ ನೂರು ಮೀಟರ್ ಓಡಬೇಕು, ಅವರು ನೋಡಬೇಕು. ಅಷ್ಟೇ.

ಈಗ ಶಾಮಿಯಾನದ ಹಿಂದೆ ನಿಂತು ಮುರಗೆಪ್ಪ ಸಣ್ಣ ದನಿಯಲ್ಲಿ ಹೇಳುತ್ತಿದ್ದ.

"ನೋಡು, ಶ್ರೀಲಂಕಾದವ್ರು ಫೋಟೋ ನೋಡಿ ಓಡಂಗಿಲ್ಲ ಅನ್ನಾಕತ್ತಾರ. ನಾ ಹೇಳೀನಿ, ಕುರಿಗಾರ ಕೇಳದ ಬೇಲಿ ದಾಟಿ ಹೊಡದಾನ ಅಂತ. ನೀ ಒಳಗ ಬಾ. ಹೌದ್ರಿ, ಕುರಿ ತಪ್ಪಿ ಬಂದಿದ್ದುವು, ನಂದ ತಪ್ಪು ಅಂತ ಒಂದ ಮಾತ ಅನ್ನು. ಮುಗೀತು."

"ನಾ ಕಳ್ಳ ಅಂತ ನಾನ ಹೇಳಬೇಕಾ? ನಿನ್ನ ಸಲುವಾಗಿ?"

"ನನ್ನ ಸಲುವಾಗಿ ಬ್ಯಾಡ. ತಾರವ್ವನ ಸಲುವಾಗಿ."

"ಅಂದ್ರ?"

"ಅಂದ್ರ ಏನಂತ ಕೇಳ್ತಿ? ಬೇಲಿ ಮುರದವನ ಮಗಳನ್ನ, ತಪ್ಪ ಒಪ್ಪದ ನಿಂತವನ ಮಗಳನ್ನ, ಯಾವ ಬಾಯಿಲೆ ತಂಡದಾಗ ನಿಂದರಸ್ಲಿ?"

"ಭಂಡಾರ ಹಿಡದಿದ್ದಿಯಲ್ಲೋ ಭಾಡ್ಯಾ!"

"ಎರಡ ಮಾತ ಕೊಟ್ಟಿದ್ದೆ. ಒಂದ ಉಳಸ್ತೀನಿ. ಯಾವದ ಬೇಕ ನೀನ ಆರಿಸ್ಕೊ."

ಮಲಕಾರಿ ಕೋಲು ಎತ್ತಿದ. ಊರೆಲ್ಲ ಬಲ್ಲ ಸಿಟ್ಟು ಅವನದು. ಒಮ್ಮೆ ಸಂತೆಯಲ್ಲಿ ತಕ್ಕಡಿಯನ್ನೇ ಮುರಿದು ಬಂದವನು. ಕೋಲು ಗಾಳಿಯಲ್ಲಿ ನಿಂತಿತು. ಶಾಮಿಯಾನದ ಸಂದಿಯಿಂದ ತಾರವ್ವ ಕಂಡಳು. ನೀಲಿ ಬನಿಯನ್ನು, ಎದೆಯ ಮೇಲೆ ನಾಲ್ಕು ಎಂಬ ಬಿಳಿ ಅಂಕಿ. ತಂಡದ ಹುಡುಗಿಯರು ಪತ್ರಕರ್ತರಿಗೆ ಗುಲಾಬಿ ಕೊಟ್ಟು ತಟ್ಟೆಯಲ್ಲಿ ಮುರಗೆಪ್ಪನ ದ್ರಾಕ್ಷಿ ಹಂಚುತ್ತಿದ್ದರು. ಕೋಲು ಕೆಳಗೆ ಬಂತು.

ಮಲಕಾರಿ ಒಳಗೆ ಹೋದ. ಮೇಜಿನಾಚೆ ಹನ್ನೊಂದು ಮುಖ. ಫೋಟೋ ತೆಗೆದ ಹುಡುಗನೂ ಇದ್ದ. ಇವನನ್ನು ನೋಡಿದ ಕೂಡಲೇ ಕ್ಯಾಮೆರಾದ ಕಣ್ಣು ಒರೆಸತೊಡಗಿದ.

"ಕುರಿ ತಪ್ಪಿ ಬಂದಿದ್ದುವು" ಅಂದ ಮಲಕಾರಿ. ಕೇಳಲಿಲ್ಲ ಎಂದರು. ಎರಡನೆಯ ಸಲ ಜೋರಾಗಿ ಅನ್ನಬೇಕಾಯಿತು. "ಕುರಿ ತಪ್ಪಿ ಬಂದಿದ್ದುವುರಿ. ಯಾರೂ ಹೇಳಿದ್ದಿಲ್ಲ. ನಂದ ತಪ್ಪು."

"ಕುರಿ ಯಾವ ದೇಶದ ತಂಡರಿ?" ಎಂದು ಹಿಂದಿನಿಂದ ಒಬ್ಬ ಕೇಳಿದ. ಎಲ್ಲರೂ ನಕ್ಕರು. ಮುರಗೆಪ್ಪನೂ ನಕ್ಕು ಮಲಕಾರಿಯ ಹೆಗಲ ಮೇಲೆ ಕೈ ಹಾಕಿದ. "ಅಡವಿ ಮಂದಿರಿ, ತಿಳಿಯಂಗಿಲ್ಲ. ನಾವು ಕ್ಷಮಾ ಮಾಡೀವಿ. ಟ್ರ್ಯಾಕ್ ಎಲ್ಲಾ ಪುಣೆದ ಮಷೀನಿಲೆ ಮಾಡಿಸಿದ್ದು" ಅಂದ. ಒಬ್ಬ ಬರೆದುಕೊಂಡ.

ತಾರವ್ವ ತಟ್ಟೆ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು.

ಮಧ್ಯಾಹ್ನ ಮಲಕಾರಿ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ಗುರುತಿನ ಎದುರು, ಬೇಲಿಯ ಗೂಟಕ್ಕೆ ಒರಗಿ ಕೂತ. ಅದೇ ಗೂಟಕ್ಕೆ ಟಗರಿನ ಗಂಟೆ ತೂಗುಹಾಕಿತ್ತು. ಹೋದ ಮಾನ ಹೋಯಿತು, ಮಗಳ ಓಟ ಉಳಿಯಿತು ಎಂದು ತನಗೆ ತಾನೇ ಹೇಳಿಕೊಂಡ. ಸುಣ್ಣದ ಗೆರೆ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

ಹುಡುಗಿಯರ ರಿಲೇಗೆ ಕರೆ ಬಂದಾಗ ತಾರವ್ವ ಬಂದಳು. ಬರಿಗಾಲು. ಮೊಳೆಯ ಬೂಟು ಕೈಯಲ್ಲಿದ್ದವು. ಬೇಲಿಯ ಮೇಲಿಂದ ಅವನ ತೊಡೆಯ ಮೇಲೆ ಇಟ್ಟಳು.

"ಹಾಕ್ಕೋ ಬೇ, ಹೊತ್ತಾತು" ಅಂದ ಮಲಕಾರಿ.

"ಅಪ್ಪಾ, ಇಪ್ಪತ್ತೆರಡ ದಿನ ಗಂಟಿ ಹಿಡದು ಮುಂದ ಓಡಿದಾಕಿ ನಾನು. ಕುರಿ ತಪ್ಪಿ ಬಂದ್ವು ಅಂದಿ. ನಾನೂ ತಪ್ಪಿ ಬಂದಿದ್ದೆನೇನು?"

"ನಿನ್ನ ಸಲುವಾಗಿ ಅಂದೆ ಮಗಳ."

"ನನ್ನ ಕೇಳಿದಿಯೇನು?"

"ಕೇಳಾಕ ಹೊತ್ತೆಲ್ಲಿತ್ತು? ಆ ಮುರಗ್ಯಾ ಕುತಗಿ ಹಿಡದಿದ್ದ. ಸಿಟ್ಟ ಮಾಡೂದಿದ್ರ ಅವನ ಮ್ಯಾಲ ಮಾಡು, ನನ್ನ ಮ್ಯಾಲ ಯಾಕ?"

"ಮುರಗೆಪ್ಪ ಕಾಕಾ ಸುಳ್ಳ ಹೇಳಿದ್ರ ಅವನ ಕಣ್ಣ ಮುಂದ ಓಡಿ ತೋರಸ್ತಿದ್ದೆ. ನೀ ಹೇಳಿದಿ. ಇದು ನಾವು ಕಟ್ಟಿದ ನೆಲ ಅಲ್ಲ ಅಂತ ನೀನ ಹೇಳಿದ ಮ್ಯಾಲ ಯಾರ ನೆಲದ ಮ್ಯಾಲ ಓಡ್ಲಿ?"

"ಹುಚ್ಚಿ! ಹಾಸ್ಟೆಲಿನವ್ರು ಬಂದು ಕುಂತಾರ!"

"ಅಕ್ಕುತಾಯಿಗೆ ಹೇಳೀನಿ. ಮೂರನೇ ಓಟ ಆಕಿದು, ರಿಲೇದ ಕೋಲು ಆಕಿ ಕೊಡಬೇಕಲ್ಲ. ಹೆಚ್ಚಿನ ಹುಡಗಿ ಒಬ್ಬಾಕಿ ಅದಾಳ, ಓಡ್ತಾಳ." ತಾರವ್ವ ಗೂಟದಿಂದ ಗಂಟೆ ತೆಗೆದುಕೊಂಡಳು.

"ಹೋಗು! ಹೋಗಿ ಎಲ್ಲಿ ಸಾಯ್ತಿ ಸಾಯಿ!" ಮಲಕಾರಿಯ ಬಾಯಿಗೆ ಅದೇ ಬಂತು.

ಆಕೆ ತಿರುಗಿ ನೋಡಲಿಲ್ಲ. ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಸಪ್ಪಳವಾಗಲಿಲ್ಲ. ಮೈದಾನವನ್ನು ತುಳಿಯದೆ, ಬೇಲಿಯ ಗುಂಟ ಸುತ್ತುಹಾಕಿ, ಪತ್ರಕರ್ತರ ಜೀಪುಗಳ ನಡುವೆ ಹಾದು, ಅಂಕಲಿಯ ದಾರಿ ಹಿಡಿದಳು. ನೀಲಿ ಬನಿಯನ್ನು ಕಬ್ಬಿನ ಗದ್ದೆಯ ತಿರುವಿನವರೆಗೆ ಕಂಡಿತು.

ಬರುತ್ತಾಳೆ ಎಂದುಕೊಂಡ ಮಲಕಾರಿ. ಆಕೆಯದು ತನ್ನದೇ ಸಿಟ್ಟು, ಏರಿದಂತೆ ಇಳಿಯುತ್ತದೆ. ತಿರುವಿನಲ್ಲಿ ನಿಂತಿದ್ದಾಳು. ಪಿಸ್ತೂಲಿನ ಸಪ್ಪಳ ಕೇಳಿ ಓಡಿ ಬಂದಾಳು. ದಶರಥ ಮಾಸ್ತರ ಗಾಬರಿಯಾಗಿ, "ತಾರವ್ವ ಎಲ್ಲಿ?" ಎಂದು ಬಂದರೆ, "ಬರ್ತಾಳ್ರಿ, ತಡೀರಿ" ಅಂದ. ಯಾರೂ ತಡೆಯಲಿಲ್ಲ. ಹೆಚ್ಚಿನ ಹುಡುಗಿಯನ್ನು ಗುರುತಿನಲ್ಲಿ ನಿಲ್ಲಿಸಿದರು. ಪಿಸ್ತೂಲು ಹಾರಿತು.

ಐದು ತಂಡಗಳ ಹುಡುಗಿಯರು ಓಡಿದರೂ ನೆಲದಿಂದ ಒಂದು ಚಿಟಿಕೆ ಧೂಳು ಏಳಲಿಲ್ಲ. ಅಕ್ಕುತಾಯಿ ಎರಡನೆಯವಳಾಗಿ ಬಂದು ಕೋಲು ಕೊಟ್ಟಳು. ಮುಂದೇನಾಯಿತೋ ಮಲಕಾರಿ ನೋಡಲಿಲ್ಲ. ಅವನ ಕಣ್ಣು ಕಬ್ಬಿನ ತಿರುವಿನ ಮೇಲಿತ್ತು. ಜನ ಚಪ್ಪಾಳೆ ತಟ್ಟಿದಾಗ, ಯಾವ ದೇಶಕ್ಕೆಂದು ಅವನಿಗೆ ತಿಳಿಯಲಿಲ್ಲ.

ಓಟ ಮುಗಿದ ಮೇಲೆ ಶ್ರೀಲಂಕಾದ ತರಬೇತುದಾರ ಮೈದಾನದ ಅಂಚಿನಲ್ಲಿ ಕುಕ್ಕರಿಸಿ ಕೂತು ಹೆಬ್ಬೆರಳಿನಿಂದ ನೆಲ ಒತ್ತಿ ನೋಡಿದ. ಮತ್ತೆ ಒತ್ತಿದ. ತಲೆಯೆತ್ತಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ಫೋಟೋದ ಹುಡುಗ ಮುರಗೆಪ್ಪನಿಗೆ ಹೇಳಿದ, "ಇಂಥ ನೆಲ ಯಾರ ಕಟ್ಟಿದ್ರು ಅಂತ ಕೇಳಾಕತ್ತಾರ." ಹೇಳಿ ಆ ಹುಡುಗ ಬೇಲಿಯ ಕಡೆ ನೋಡಿದ. ಮಲಕಾರಿ ಎದ್ದು ನಿಂತ. ಮುರಗೆಪ್ಪನೂ ನೋಡಿದ, ಗಳಿಗೆ ಹೊತ್ತು ನೋಡಿದ. ಆಮೇಲೆ ಮುಖ ತಿರುಗಿಸಿ, "ಮಷೀನು. ಪುಣೆ ಮಷೀನು" ಅಂದ.

ಮಲಕಾರಿ ಮತ್ತೆ ಕೂತ.

ಜೀಪುಗಳು ಒಂದೊಂದಾಗಿ ಮಿರಜ ಸ್ಟೇಷನ್ನಿಗೆ ಹೊರಟವು. ಕುರ್ಚಿ ಎತ್ತುತ್ತಿದ್ದ ಸಂಘದ ಜವಾನ ಕಾಮಣ್ಣ ಬಂದು ಕೈ ಚಾಚಿದ. "ಬೂಟ ಕೊಡ್ರಿ ಮಲಕಾರಿ ಅಣ್ಣಾ. ಸಂಘದ್ದು ಅವು. ಪೆಟಿಗ್ಯಾಗ ಇಟ್ಟು ಕೀಲಿ ಹಾಕಬೇಕು."

"ತಡಿಯೋ. ಹುಡಗಿ ಬರ್ತಾಳ."

"ಓಟ ಮುಗದೈತಿ."

"ತಡಿ ಅಂದ್ರ ತಡಿ!"

ಕಾಮಣ್ಣ ಹೋಗಿ ಶಾಮಿಯಾನದ ಹಗ್ಗ ಬಿಚ್ಚಿದ, ಕಂಬ ಕಿತ್ತ, ಬಟ್ಟೆ ಸುತ್ತಿದ. ಮತ್ತೆ ಬಂದು ನಿಂತ. ಕಬ್ಬಿನ ತಿರುವಿನಲ್ಲಿ ಒಂದು ಎತ್ತಿನ ಗಾಡಿ ಬಂದು ಹೋಯಿತು, ಸೈಕಲ್ಲಿನ ಮೇಲೆ ಇಬ್ಬರು ಬಂದು ಹೋದರು. ತಾರವ್ವ ಬರಲಿಲ್ಲ.