ಮರಗಟ್ಟಿದ ಮಧ್ಯಾಹ್ನ

ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಕೆಲಸ ಮಾಡುವವಳ ಸೊಂಟ ಅವಳ ಮಾತು ಕೇಳುವುದನ್ನು ಬಿಟ್ಟು ವರ್ಷವಾಗಿತ್ತು. ಉದ್ದನೆಯ ಮೇಜಿನ ಮೇಲೆ ಬಾಗಿ, ಪದರ ಪದರ ಬಟ್ಟೆಯನ್ನು ಗೆರೆ ತಪ್ಪದೆ ಕತ್ತರಿಸಬೇಕು. ಈಗ ಬಾಗಿದರೂ ನೋವು, ನೆಟ್ಟಗಾದರೂ ನೋವು. ಅಂಗಿಗೆ ಗುಂಡಿ ಹೊಲಿಯುವವರ ಕುರ್ಚಿಯೊಂದು ಖಾಲಿಯಾಗಿದೆ, ಕೂತು ಮಾಡುವ ಕೆಲಸ, ಬೇಕಾದರೆ ನಾಳೆಯೇ ಹೇಳು ಎಂದು ಹಿಂದಿನ ಸಂಜೆ ಹೇಳಿದ್ದ ಮೇಸ್ತ್ರಿ.

ಬೆಳಿಗ್ಗೆ ಅಕ್ಕ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಬೆನ್ನುಮೂಳೆಯ ಚಿತ್ರ ತೋರಿಸಿದರು.

"ಇಲ್ಲಿ ಪುಟ್ಟ ಪುಟ್ಟ ಕೀಲುಗಳಿವೆಯಮ್ಮ. ನಿಮ್ಮದರಲ್ಲಿ ಉರಿಯೂತ ಇದ್ದಂಗಿದೆ. ಆಗ ನರಗಳು ಸುಮ್ನಿರಲ್ಲ. ಚೂರು ಅಲುಗಿದ್ರೂ ಕೂಗ್ತವೆ, ಅಲುಗದಿದ್ರೂ ಕೂಗ್ತವೆ. ಇಷ್ಟು ದಿನ ತೆಪ್ಪಗಿದ್ದವೂ ಎದ್ದು ಕೂರ್ತವೆ."

"ನಮ್ಮ ಮನೆ ಜಗಳದ ಥರ," ಅಂದಳು ಅಕ್ಕ. "ಒಬ್ರು ಶುರು ಮಾಡಿದ್ರೆ ಮಲಗಿದ್ದೋರೂ ಎದ್ದು ಬರ್ತಾರೆ."

ಡಾಕ್ಟರು ನಗುತ್ತಲೇ ನರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ನೋವು ಆ ಕೀಲಿನದೇ ಹೌದೋ ಅಲ್ಲವೋ ತಿಳಿಯಲು ಇದು ಬರೀ ಪರೀಕ್ಷೆ, ಕೆಲವು ಗಂಟೆಗಳಲ್ಲಿ ಮದ್ದಿನ ಗುಣ ಇಳಿದು ನೋವು ಮರಳುತ್ತದೆ ಎಂದೂ ಹೇಳಿದರು. ಕೇಳುವ ಕಿವಿಯೆಲ್ಲಿ? ಯಾವುದೋ ಮಂತ್ರವಾದಿ ಏಳು ಸಮುದ್ರದಾಚೆ ಕೂತು ಶಾಪ ಹಿಂತೆಗೆದುಕೊಂಡಂತೆ ಅವಳ ಮೈ ಹಗುರಾಗಿತ್ತು. ಅಕ್ಕನನ್ನೂ ಎಳೆದುಕೊಂಡು ನೇರ ಕಾರ್ಖಾನೆಗೆ ನಡೆದು ಮೇಸ್ತ್ರಿಯ ಮುಂದೆ ನಿಂತಳು.

"ನೋಡಣ್ಣ, ಹೆಂಗೆ ಬಾಗ್ತೀನಿ. ಕುರ್ಚಿ ಬೇರೆಯವರಿಗೆ ಕೊಡು."

"ಯೋಚ್ನೆ ಮಾಡು ತಾಯಿ. ಆಮೇಲೆ ಬಂದು ಅತ್ರೆ ನನ್ ಕೈಲಿ ಏನೂ ಇರಲ್ಲ."

ಅಕ್ಕ ತೋಳು ಜಗ್ಗಿದಳು. "ಬರೀ ಪರೀಕ್ಷೆ ಅಂದ್ರಲ್ಲೇ."

"ಪಾಸಾದೆ ಬಿಡು," ಅಂದು ಅವಳು ಅಕ್ಕನನ್ನು ಮನೆಗೆ ಅಟ್ಟಿದಳು.

ಕುರ್ಚಿ ತುಂಬು ಬಸುರಿಯೊಬ್ಬಳ ಪಾಲಾಯಿತು.

ಇಳಿಹೊತ್ತಿಗೆ ಮೊದಲು ಒಂದು ನರ ಮಿಸುಕಿತು. ಆಮೇಲೆ ಪಕ್ಕದ್ದು. ಆಮೇಲೆ ಎಲ್ಲವೂ ಒಟ್ಟಿಗೆ, ಮಧ್ಯಾಹ್ನವಿಡೀ ಬಾಗಿದ್ದರ ಬಡ್ಡಿ ಸೇರಿಸಿಕೊಂಡು ಬಂದವು. ಅವಳು ತುಟಿ ಕಚ್ಚಿ ಕುರ್ಚಿಯತ್ತ ನೋಡಿದಳು. ಬಸುರಿ ಕಾಲು ಚಾಚಿಕೊಂಡು ನಕ್ಕಳು.

"ನಿಮ್ಮಿಂದ ಬದುಕಿದೆ ಅಕ್ಕ. ನಿಲ್ಲೋಕೇ ಆಗ್ತಿರ್ಲಿಲ್ಲ."

"ಕೂತ್ಕೊಳವ್ವ," ಅಂದಳು.

ಮತ್ತೆ ಮೇಜಿಗೆ ಬಾಗುತ್ತಿದ್ದಂತೆ ಸೊಂಟದಲ್ಲಿ ಕೆಂಡ ಸುರಿದಂತಾಗಿ ಕೈ ಜಾರಿತು. ಗೆರೆ ಬಿಟ್ಟು ಓಡಿದ ಅಲಗು ಅಷ್ಟೂ ಪದರಗಳನ್ನು ಓರೆಯಾಗಿ ಸೀಳಿತು. ಮೇಸ್ತ್ರಿ ಬಂದು ಬಟ್ಟೆಯನ್ನು ಎತ್ತಿ ನೋಡಿದ; ಅವಳ ಮುಖ ನೋಡಲಿಲ್ಲ.

"ನಾಳೆಯಿಂದ ಮನೇಲೇ ಇರು ತಾಯಿ."

ನೆಟ್ಟಗಾಗಿ ಏನಾದರೂ ಹೇಳಬೇಕೆಂದುಕೊಂಡಳು. ಬೆನ್ನು ಏಳಲಿಲ್ಲ. ಬಾಗಿದಲ್ಲೇ ತಲೆಯಾಡಿಸಿದಳು.